ಬೂದು ಹೂವಿಗೆ ಹುಣಸೆಹುಳಿ

ಆನೆಗೊಂದಿಯ ಹಳೆಯ ಕೋಟೆಗೋಡೆಯ ಹಿಂದೆ,
ಬಾಳೆತೋಟದ ಬದುವಿಗೆ ಹೊಂದಿಕೊಂಡು
ನಾಲ್ಕು ಗುಂಡಿ ತೋಡಿದ್ದೇವೆ,
ಮೂಲೆಗೆ ಗೂಟ ಹೊಡೆದು, ಹಗ್ಗ ಬಿಗಿದು.
ನನ್ನ ಕೆಲಸ ಸಣ್ಣದು:
ಸಿಕ್ಕ ಬೋಕಿಗೆಲ್ಲ ಸಂಖ್ಯೆ ಬರೆಯುವುದು,
ಆಮೇಲೆ ದಪ್ಪ ಪುಸ್ತಕದ ಕಾಲಂ ತುಂಬುವುದು,
ಅಳತೆ, ಆಕಾರ, ಬಣ್ಣ, ಷರಾ.

ತೊಳೆಯುವವಳು ಕುಂಬಾರ ಓಣಿಯ ತಾಯವ್ವ.
ನೀಲಿ ಬುಟ್ಟಿಯಲ್ಲಿ ನೀರು, ಸವೆದ ಹಲ್ಲಿನ ಬ್ರಷ್ಷು,
ಚಾಚಿದ ಕಾಲ ಮೇಲೆ ಗೋಣಿತಟ್ಟು.
ಮಡಕೆಯ ಚೂರು ಬಂದರೆ ಉಗುರಿಂದ ತಟ್ಟುತ್ತಾಳೆ:
"ಇದು ಅರ್ಧಮರ್ಧ ಬೆಂದದ್ದು.
ಮಾಡಿದಾತಗ ಅವಸರ ಇತ್ತು."
ಅದನ್ನು ನಾನು ಷರಾದಲ್ಲಿ ಬರೆಯುವುದಿಲ್ಲ.

ಗುರುವಾರ ಮೂರನೆಯ ಗುಂಡಿಯ ಬೂದಿಪದರದಿಂದ
ಒಂಬತ್ತು ಚೂರು ಪಿಂಗಾಣಿ.
ತಟ್ಟಿದರೆ ದೂರದಲ್ಲೆಲ್ಲೋ
ದನದ ಕೊರಳಗಂಟೆ ಅಲುಗಿದ ಹಾಗೆ.
ಅಕ್ಕಿ ತೊಳೆದ ನೀರಿನ ಬಿಳಿ.
ಮರಳಿನಲ್ಲಿ ಜೋಡಿಸಿ ನಿಲ್ಲಿಸಿದರೆ
ಸಣ್ಣ ಕುತ್ತಿಗೆ, ಕೆಳಗೆ ಬಸಿರಿಯ ಹೊಟ್ಟೆ,
ಹೊಟ್ಟೆಯ ಮೇಲೊಂದು ದೊಡ್ಡ ಹೂವು,
ಒಲೆಯ ಬೂದಿಯ ಬಣ್ಣದ್ದು.

ಮುದ್ದಾಬಳ್ಳಿ ಮೇಡಂ ಭೂತಗನ್ನಡಿ ಹಿಡಿದರು.
"ಚೀನಾದ್ದು. ಆರುನೂರು ವರ್ಷ ದಾಟಿರಬೇಕು.
ತಾಮ್ರದಲ್ಲಿ ಬರೆದು ಮೇಲೆ ಗಾಜು ಹೊದಿಸಿದ್ದಾರೆ.
ಕೆಂಪಾಗಬೇಕಿತ್ತು ಹೂವು, ಆಗಿಲ್ಲ.
ಬರ್ಕೊಳ್ಳಿ: ಬೂದು."

ಬರೆದೆ.

ಊಟದ ಹೊತ್ತಿಗೆ ನೋಡಿದರೆ
ತಾಯವ್ವ ಬುತ್ತಿಯ ಹುಣಸೆ ತೊಕ್ಕು
ಹೆಬ್ಬೆರಳಿಗೆ ಹಚ್ಚಿಕೊಂಡು ಆ ಹೂವನ್ನು ತಿಕ್ಕುತ್ತಿದ್ದಾಳೆ,
ದೇವರ ತಂಬಿಗೆ ತಿಕ್ಕುವ ಹಾಗೆ, ಗುಂಡಗೆ ಗುಂಡಗೆ.
"ತಾಮ್ರ ಅಂದ್ರಲ್ಲ. ಕಿಲುಬು ಹತ್ತಿರಬೇಕು.
ಹುಳಿ ಬಿದ್ರ ಹೊಳಿತೈತಿ."

ಹೊಳೆಯಲಿಲ್ಲ.
ಗಾಜಿನಡಿಯ ಹೂವಿಗೆ ಹುಳಿ ತಾಕುವುದು ಹೇಗೆ?
ಮೇಡಂ ಬೈದರು, ಬೈಯುತ್ತಲೇ ನಕ್ಕರು,
ಆಮೇಲೆ ಕೂತು ಬಿಡಿಸಿ ಹೇಳಿದರು:
ಬೆಂಕಿ ಗಾಳಿ ಕುಡಿದರೆ ತಾಮ್ರ ಹಸಿರಾಗುತ್ತದೆ,
ಇಲ್ಲವೇ ಹೊಗೆಯ ಜೊತೆ ಹಾರಿಹೋಗುತ್ತದೆ.
ಉಸಿರು ಕಟ್ಟಿದ ಉರಿಯಲ್ಲಿ ಮಾತ್ರ ಕೆಂಪು,
ಅದೂ ಒಂದು ಹದಕ್ಕೆ, ಒಂದು ಗಳಿಗೆಗೆ.

ತಾಯವ್ವನ ಕೈ ನಿಂತಿತು.
"ನಮ್ಮದು ಉಲ್ಟಾ ರೀ.
ಆವಿಗಿ ಬಾಯಿ ಮುಚ್ಚಿದ್ರ ನಮ್ಮ ಗಡಿಗಿ ಕರ್ರಗ,
ಗಾಳಿ ಬಿಟ್ರನ ಕೆಂಪು.
ನಮ್ಮಪ್ಪ ನಸುಕಿನ್ಯಾಗ ಎದ್ದು
ಹುಲ್ಲು ಸರಿಸಿ ಒಂದು ಕಿಂಡಿ ಬಿಡ್ತಿದ್ದ.
ಮಣ್ಣು ಉಸಿರಾಡ್ಲಿ ಅಂತಿದ್ದ.
ಆ ಚೀನಾದಾತ ಕಿಂಡಿ ಮುಚ್ಚಿಕೋತ ಕುಂತಿರಬೇಕು.
ನಿದ್ದಿಗಣ್ಣಾಗ ಒಂದು ಬಿರುಕು ತಪ್ಪಿರತೈತಿ."

ಸ್ವಲ್ಪ ತಡೆದು, ಬ್ರಷ್ಷು ಝಾಡಿಸಿ:
"ಕೆಟ್ಟದ್ದು ಅಂತ ಗೊತ್ತಿದ್ದ ನಮ್ಮ ಕಡೆ ಕಳಿಸ್ಯಾರ.
ನಾವೂ ಗಂಗಾವತಿ ಸಂತ್ಯಾಗ
ಸೀಳಿದ ಗಡಿಗಿ ಕತ್ತಲಾದ ಮ್ಯಾಲೆ ಮಾರ್ತಿದ್ವಿ."

ಹಡಗು, ಬಂದರು, ಘಟ್ಟದ ಎತ್ತಿನ ಹೇರು,
ತುಂಗಭದ್ರೆಯಲ್ಲಿ ಗರಗರ ತಿರುಗುವ ಹರಿಗೋಲು.
ಹುಲ್ಲಿನಲ್ಲಿ ಸುತ್ತಿದ ಒಂದು ತಪ್ಪು
ಎಲ್ಲಿಯೂ ಒಡೆಯದೆ ಇಲ್ಲಿಯವರೆಗೆ ಬಂತು.
ಇಲ್ಲಿ ಯಾರೋ ಅದನ್ನು ಮಾಡದಲ್ಲಿ ಇಟ್ಟು
ದಿನಾ ಒರೆಸಿರಬೇಕು,
ಆ ದೇಶದ ಹೂವುಗಳೇ ಬೂದುಬಣ್ಣವೆಂದು ನಂಬಿ.

ಸಂಜೆ ಏಳನೆಯ ಚೂರನ್ನು ಹೊರಳಿಸುವಾಗ,
ಎಸಳಿನ ತುದಿಯಲ್ಲಿ,
ಜೋಳದ ಕಾಳಿಗಿಂತ ಚಿಕ್ಕದು,
ಕೆಂಪು.
ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರೆ
ರೆಪ್ಪೆಯೊಳಗೆ ಕಾಣುತ್ತದಲ್ಲ, ಅಂಥದ್ದು.
ತಾಯವ್ವನಿಗೆ ತೋರಿಸಿದೆ.
"ಇಷ್ಟು ಕಡೆ ಮುಚ್ಚಿತ್ತು" ಅಂದಳು,
ಮತ್ತೆ ನೀರಿಗೆ ಕೈ ಹಾಕಿದಳು.
ಬಣ್ಣದ ಕಾಲಂ ಕಿರಿದು.
ಬರೆದ ಶಾಯಿ ಆಗಲೇ ಒಣಗಿತ್ತು.

ಶನಿವಾರ ಬಟವಾಡೆ.
ನೋಟು ಎರಡು ಸಲ ಎಣಿಸಿ,
ದಪ್ಪಕ್ಷರದಲ್ಲಿ ರುಜು ಹಾಕಿ,
ಪೆನ್ನು ಹಿಂದಕ್ಕೆ ಕೊಡುತ್ತ ಕೇಳಿದಳು:
"ಹೂವು ಕೆಂಪಾಗಲಿಲ್ಲ ಅಂತ
ಆತನ ಪಗಾರ ಹಿಡಕೊಂಡಿರಬೇಕಲ್ರೀ?"